ಮೊದಲು ಜಿಪ್, ಆಮೇಲೆ ಕಲ್ಲಂಗಡಿ

ಪ್ರಶ್ನೆ: ಮೇಡಂ, ನನಗೆ ಕ್ರೋಶಾ, ಅಂದರೆ ಕೊಕ್ಕೆ ಕಡ್ಡಿಯ ಹೆಣಿಗೆ, ತಕ್ಕಮಟ್ಟಿಗೆ ಬರುತ್ತದೆ. ಕೋಸ್ಟರ್, ಮಫ್ಲರ್, ಮಗುವಿಗೆ ಒಂದು ಟೋಪಿ ಮಾಡಿದ್ದೇನೆ. ಈಗ ಕಲ್ಲಂಗಡಿ ಹೋಳಿನ ಆಕಾರದ, ಜಿಪ್ ಇರುವ ಪುಟ್ಟ ಪೌಚ್ ಮಾಡಲು ಹೊರಟು ಎರಡು ಸಲ ಕೆಡಿಸಿದೆ. ಮೊದಲ ಸಲ ಪ್ಯಾಟರ್ನ್‌ನಲ್ಲಿದ್ದ ಹಾಗೇ 6 ಡಬಲ್ ಕ್ರೋಶಾದಿಂದ ಶುರು ಮಾಡಿ ಸುತ್ತಿಗೆ 6ರಂತೆ ಹೆಚ್ಚಿಸಿದೆ. ವೃತ್ತ ಬರಲಿಲ್ಲ, ಬಟ್ಟಲು ಬಂತು. ಎರಡನೇ ಸಲ ಸಿಂಗಲ್ ಕ್ರೋಶಾದಲ್ಲಿ ಮಾಡಿದೆ, ವೃತ್ತ ಚಪ್ಪಟೆಯಾಗಿ ಚೆನ್ನಾಗಿಯೇ ಬಂತು. ಅದನ್ನು ಅರ್ಧಕ್ಕೆ ಮಡಚಿ ಬಾಗಿದ ಅಂಚಿಗೆ ಜಿಪ್ ಕೈಯಲ್ಲೇ ಹೊಲಿದೆ. ಅಂಚು 24 ಸೆಂ.ಮೀ. ಇದೆ, ಜಿಪ್ 20 ಸೆಂ.ಮೀ. ಈಗ ಅಂಚೆಲ್ಲ ಅಲೆ ಅಲೆ. ರನ್ನರ್ ಎಳೆದರೆ ಎರಡು ಕಡೆ ನೂಲು ಕಚ್ಚಿಕೊಳ್ಳುತ್ತದೆ. ಮಷೀನ್‌ನಲ್ಲಿ ಹೊಲಿಯಬೇಕಿತ್ತಾ? ಅಥವಾ ಬೇರೆ ಹಣ್ಣು ಆರಿಸಿಕೊಳ್ಳಲಾ?

ಉತ್ತರ: ಮಷೀನ್ ಬೇಡವೇ ಬೇಡ. ಕೈಯಲ್ಲಿ ಹೊಲಿದದ್ದು ಸರಿಯಾಗಿಯೇ ಇದೆ. ಮಷೀನಿನ ಪಾದ ಕ್ರೋಶಾದ ಮೇಲೆ ಒತ್ತಿಕೊಂಡು ಹೋಗುವಾಗ ಅಂಚನ್ನು ಇನ್ನಷ್ಟು ಹಿಗ್ಗಿಸುತ್ತದೆ, ಹೆಣಿಗೆಯ ಕುಣಿಕೆಗಳು ಪಾದಕ್ಕೆ ಸಿಕ್ಕಿಕೊಳ್ಳುವುದೂ ಉಂಟು. ಈಗಿರುವ ಅಲೆ ಆಗ ಎರಡರಷ್ಟಾಗುತ್ತಿತ್ತು.

ನಿಮ್ಮ ಎರಡು ಸೋಲಿಗೂ ಕಾರಣ ಬೇರೆ ಬೇರೆ. ಬಟ್ಟಲಿನ ಕಥೆ ಮೊದಲು ಮುಗಿಸೋಣ, ಅದು ಚಿಕ್ಕದು.

ನೀವು ಹಿಡಿದ ಪ್ಯಾಟರ್ನ್ ಬ್ರಿಟಿಷ್ ಪದಗಳಲ್ಲಿ ಬರೆದದ್ದು. ಅಮೆರಿಕನ್ನರು ಸಿಂಗಲ್ ಕ್ರೋಶಾ ಅನ್ನುವ ಹೊಲಿಗೆಗೆ ಬ್ರಿಟಿಷರು ಡಬಲ್ ಕ್ರೋಶಾ ಅನ್ನುತ್ತಾರೆ. ಹೆಸರು ಒಂದೇ, ಹೊಲಿಗೆ ಬೇರೆ. ನೀವು ಕಲಿತದ್ದು ಅಮೆರಿಕನ್ ಹೆಸರುಗಳು ಅಂತ ಕಾಣುತ್ತದೆ, ಹಾಗಾಗಿ ಎತ್ತರದ ಹೊಲಿಗೆ ಹಾಕಿದಿರಿ. ಗಿಡ್ಡ ಹೊಲಿಗೆಗೆ ಸುತ್ತಿಗೆ 6 ಹೆಚ್ಚಿಸಿದರೆ ವೃತ್ತ ಚಪ್ಪಟೆ ಕೂರುತ್ತದೆ. ಎತ್ತರದ ಹೊಲಿಗೆಗೆ ಸುಮಾರು 12 ಬೇಕು, ಯಾಕೆಂದರೆ ಒಂದೊಂದು ಸುತ್ತಿಗೂ ವೃತ್ತ ಅಷ್ಟು ದೊಡ್ಡದಾಗಿ ಬೆಳೆಯುತ್ತದೆ, ಆ ಬೆಳವಣಿಗೆಗೆ ತಕ್ಕಷ್ಟು ಹೊಲಿಗೆ ಸುತ್ತಳತೆಯಲ್ಲಿ ಇಲ್ಲದಿದ್ದರೆ ಅಂಚು ಒಳಕ್ಕೆ ಎಳೆದುಕೊಂಡು ಬಟ್ಟಲಾಗದೆ ಬೇರೆ ದಾರಿಯಿಲ್ಲ. ಇನ್ನು ಮುಂದೆ ಯಾವುದೇ ಪ್ಯಾಟರ್ನ್ ಹಿಡಿದರೂ ಅದರಲ್ಲಿ ಸಿಂಗಲ್ ಕ್ರೋಶಾ ಅನ್ನುವ ಮಾತು ಎಲ್ಲಾದರೂ ಇದೆಯಾ ನೋಡಿ. ಬ್ರಿಟಿಷ್ ಪದಗಳಲ್ಲಿ ಆ ಹೆಸರಿನ ಹೊಲಿಗೆಯೇ ಇಲ್ಲ. ಇದ್ದರೆ ಅಮೆರಿಕನ್, ಅಷ್ಟೇ.

ಈ ಉತ್ತರದಲ್ಲಿ ನಾನು ಸಿಂಗಲ್ ಅಂದರೆ ಅಮೆರಿಕನ್ ಸಿಂಗಲ್, ಆ ಗಿಡ್ಡದು.

ಈಗ ಎರಡನೆಯದು. ನಿಮ್ಮ ಪತ್ರದಲ್ಲೇ ಉತ್ತರ ಇದೆ. ಅಂಚು 24 ಸೆಂ.ಮೀ., ಜಿಪ್ 20 ಸೆಂ.ಮೀ. ಉಳಿದ 4 ಸೆಂ.ಮೀ. ಎಲ್ಲಿಗೆ ಹೋಗಬೇಕು ಹೇಳಿ? ನೀವು ಹೊಲಿಯುತ್ತಾ ಹೋದ ಹಾಗೆ ಅದು ಸ್ವಲ್ಪ ಸ್ವಲ್ಪವೇ ನಿರಿಗೆಯಾಗಿ ಕೂತಿದೆ. ಜಿಪ್‌ನ ಪಟ್ಟಿ ಒಂದಿಷ್ಟೂ ಹಿಗ್ಗುವುದಿಲ್ಲ. ಕ್ರೋಶಾ ಎಷ್ಟು ಎಳೆದರೆ ಅಷ್ಟು ಹಿಗ್ಗುತ್ತದೆ. ಇಬ್ಬರಲ್ಲಿ ಯಾರು ಹಟಮಾರಿಯೋ ಅವರ ಅಳತೆಗೆ ಇನ್ನೊಬ್ಬರು ಬರಬೇಕು. ಹೆಚ್ಚಿನವರು ಮೊದಲು ಹಣ್ಣು ಹೆಣೆದು ಮುಗಿಸಿ, ಆಮೇಲೆ ಅದಕ್ಕೆ ಹೊಂದುವ ಜಿಪ್ ಹುಡುಕುತ್ತಾರೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದ್ದೇನೆ. ಉಲ್ಟಾ ಮಾಡಿ. ಜಿಪ್ ಎದುರಿಗಿಟ್ಟುಕೊಂಡು ಅದರ ಅಳತೆಗೆ ಹಣ್ಣು ಹೆಣೆಯಿರಿ.

ಜಿಪ್ ಯಾವುದು? ನೈಲಾನ್ ಕಾಯಿಲ್, 3ನೇ ನಂಬರ್. ಹಲ್ಲುಗಳು ಬಿಡಿಬಿಡಿಯಾಗಿರದೆ ಸುರುಳಿ ಸುತ್ತಿದ ಹಾಗೆ ಕಾಣುವ ತೆಳು ಜಿಪ್ ಇದು. ಬಾಗಿದ ಅಂಚಿಗೆ ಹೇಳಿ ಮಾಡಿಸಿದ್ದು, ಬೆರಳಿಗೆ ಸುತ್ತಿದರೆ ಸುತ್ತಿಕೊಳ್ಳುತ್ತದೆ. ಲೋಹದ ಹಲ್ಲಿನದ್ದು ನೋಡಲು ಚೆಂದವೇ, ಆದರೆ ಬಾಗುವಾಗ ಮೊಂಡಾಟ ಮಾಡುತ್ತದೆ, ಪುಟ್ಟ ಪೌಚಿಗೆ ಭಾರ ಬೇರೆ. ಒಂದು ವಿಷಯ ಗಮನದಲ್ಲಿರಲಿ. ಜಿಪ್‌ನ ಉದ್ದ ಅಂದರೆ ಮೇಲಿನ ತಡೆಯಿಂದ ಕೆಳಗಿನ ತಡೆವರೆಗೆ. ಎರಡೂ ತುದಿಯಲ್ಲಿ ಉಳಿಯುವ ಬಟ್ಟೆಯ ಬಾಲ ಲೆಕ್ಕಕ್ಕಿಲ್ಲ. ಪಟ್ಟಿಯ ತುದಿಯಿಂದ ತುದಿಗೆ ಟೇಪ್ ಹಿಡಿದು ಅಳೆದು ಮೋಸ ಹೋದವರು ಬಹಳ ಜನ.

ಕೈಯಲ್ಲಿರುವುದು ಉದ್ದ ಜಿಪ್ ಆದರೂ ಚಿಂತೆಯಿಲ್ಲ. ನೈಲಾನ್ ಜಿಪ್ ಕತ್ತರಿಸಿ ಗಿಡ್ಡ ಮಾಡಬಹುದು. ಬೇಕಾದ ಅಳತೆಯಲ್ಲಿ ಹಲ್ಲುಗಳ ಮೇಲೆ ಅಡ್ಡಡ್ಡ ಎಂಟು ಹತ್ತು ಸಲ ದಾರ ಸುತ್ತಿ ಬಿಗಿಯಾಗಿ ಗಂಟು ಹಾಕಿ. ಅದೇ ಹೊಸ ತಡೆ. ಅಲ್ಲಿಂದ 2 ಸೆಂ.ಮೀ. ಬಿಟ್ಟು ಕತ್ತರಿಸಿ. ಕತ್ತರಿಸುವ ಮೊದಲು ರನ್ನರ್ ಆ ಗಂಟಿನ ಮೇಲುಭಾಗದಲ್ಲಿ ಇದೆಯಾ ನೋಡಿಕೊಳ್ಳಿ, ಇಲ್ಲವಾದರೆ ರನ್ನರ್ ಒಂದು ಕೈಯಲ್ಲಿ, ಜಿಪ್ ಇನ್ನೊಂದು ಕೈಯಲ್ಲಿ ಹಿಡಿದು ಕೂರಬೇಕಾಗುತ್ತದೆ. ಕೂತಿದ್ದೇನೆ.

ನೂಲು ಕಾಟನ್ ಇರಲಿ. ಉಲ್ಲನ್ ಮತ್ತು ಅಕ್ರಿಲಿಕ್ ಜಾಸ್ತಿ ಹಿಗ್ಗುತ್ತವೆ, ಪೌಚಿನ ಮೈ ಬೇಗ ಜೋತುಬೀಳುತ್ತದೆ. 8 ಎಳೆಯ ಕಾಟನ್ ಆದರೆ ಕಡ್ಡಿ 2.5 ಮಿ.ಮೀ. ಲೇಬಲ್ ಮೇಲೆ ಇನ್ನೂ ದಪ್ಪ ಕಡ್ಡಿ ಬರೆದಿರುತ್ತದೆ, ಅದು ಸ್ವೆಟರ್ ಹೆಣೆಯುವವರಿಗೆ. ಪೌಚಿಗೆ ಗಟ್ಟಿ ಹೆಣಿಗೆ ಬೇಕು. ಹೆಣೆದದ್ದನ್ನು ಬೆಳಕಿಗೆ ಹಿಡಿದರೆ ತೂತು ಕಾಣಬಾರದು. ಅಮಿಗುರುಮಿ ಗೊಂಬೆ ಮಾಡುವವರು ಒಳಗಿನ ಹತ್ತಿ ಹೊರಗೆ ಇಣುಕದಿರಲಿ ಅಂತ ಹೆಣೆಯುವ ಹಾಗೆ, ಅಷ್ಟು ಬಿಗಿ. ಮೊದಲ ಅರ್ಧ ಗಂಟೆ ಬೆರಳು ನೋಯುತ್ತದೆ, ಆಮೇಲೆ ಒಗ್ಗುತ್ತದೆ.

ಈಗ ಲೆಕ್ಕ. ಐದು ಸುತ್ತು ಹೆಣೆದು ನಿಲ್ಲಿಸಿ. ಕೊನೆಯ ಸುತ್ತಿನಲ್ಲಿ ಸತತ 10 ಹೊಲಿಗೆ ಎಷ್ಟು ಅಗಲ ಇದೆ ಅಳೆಯಿರಿ. ಎಳೆಯಬೇಡಿ, ಮೇಜಿನ ಮೇಲೆ ಸುಮ್ನೆ ಇಟ್ಟು ಅಳೆಯಿರಿ. ನನ್ನ ಕೈಯಲ್ಲಿ ಈ ನೂಲು, ಈ ಕಡ್ಡಿಗೆ 10 ಹೊಲಿಗೆ 4.5 ಸೆಂ.ಮೀ. ಬರುತ್ತದೆ, ಅಂದರೆ ಒಂದು ಹೊಲಿಗೆ 4.5 ಮಿ.ಮೀ. ಜಿಪ್ 20 ಸೆಂ.ಮೀ. ಹಾಗಾದರೆ ಜಿಪ್ ಉದ್ದಕ್ಕೆ 44 ಹೊಲಿಗೆ. ಎರಡು ಮೂಲೆಯಲ್ಲಿ ಜಿಪ್ ಇಲ್ಲದೆ ಸುಮ್ಮನೆ ಕೂಡಿಸಿ ಹೊಲಿಯಲು 5, 5, ಒಟ್ಟು 10 ಹೊಲಿಗೆ. ಸೇರಿಸಿದರೆ 54. ಇದು ಅರ್ಧ ವೃತ್ತ. ಪೂರ್ತಿ ವೃತ್ತಕ್ಕೆ 108. ಸುತ್ತಿಗೆ 6 ಹೆಚ್ಚುವುದರಿಂದ 18ನೇ ಸುತ್ತಿಗೆ 108 ಆಗುತ್ತದೆ. ಅಡ್ಡಳತೆ ಸುಮಾರು 15.5 ಸೆಂ.ಮೀ.

ನಿಮ್ಮ ಕೈ ಸಡಿಲ ಇದ್ದು ಹೊಲಿಗೆ 5 ಮಿ.ಮೀ. ಬಂದರೆ? ಜಿಪ್‌ಗೆ 40, ಮೂಲೆಗಳಿಗೆ 10, ಅರ್ಧಕ್ಕೆ 50, ಪೂರ್ತಿಗೆ 100. ಅದು 6ರಿಂದ ಭಾಗವಾಗುವುದಿಲ್ಲ, ಮುಂದಿನದು 102, ಅಂದರೆ 17 ಸುತ್ತು. ಒಂದು ಮೂಲೆಯಲ್ಲಿ 5, ಇನ್ನೊಂದರಲ್ಲಿ 6 ಹೊಲಿಗೆ ಕೂಡಿಸಿ. ಯಾರಿಗೂ ಗೊತ್ತಾಗುವುದಿಲ್ಲ.

ನೋಡಿ, ನಿಮ್ಮ ವೃತ್ತವೂ ಹೆಚ್ಚುಕಡಿಮೆ ಇದೇ ಅಳತೆಯದ್ದು. ಅಂಚಿನ ಅಷ್ಟೂ ಉದ್ದಕ್ಕೆ ಜಿಪ್ ಬರಬೇಕು ಅಂತ ನೀವು ಎಳೆದಾಡಿದ್ದೇ ಎಡವಟ್ಟು. ಮೂಲೆ ಎರಡನ್ನೂ ಹೊಲಿದು ಮುಚ್ಚಲೇಬೇಕು. ತುದಿಯವರೆಗೂ ಜಿಪ್ ಹೋದರೆ ಬಾಲ ಮಡಚಿಡಲು ಜಾಗವೇ ಇರುವುದಿಲ್ಲ.

ಹೆಣಿಗೆಯ ಬಗ್ಗೆ ಜಾಸ್ತಿ ಹೇಳಲ್ಲ, ನಿಮಗೆ ವೃತ್ತ ಬರುತ್ತದೆ. ಎರಡು ಮಾತು ಮಾತ್ರ. ಹೆಚ್ಚಿಸುವ ಹೊಲಿಗೆಗಳನ್ನು ಪ್ರತಿ ಸುತ್ತಿನಲ್ಲೂ ಒಂದರ ಮೇಲೊಂದು ಹಾಕಿದರೆ ವೃತ್ತ ಆರು ಮೂಲೆಯದ್ದಾಗುತ್ತದೆ. ಕೋಸ್ಟರ್‌ಗೆ ನಡೆಯುತ್ತದೆ, ಕಲ್ಲಂಗಡಿಗೆ ನಡೆಯಲ್ಲ, ಮಡಚಿದಾಗ ಬೆನ್ನಿನ ಮೇಲೆ ಗೂನು ಕಾಣುತ್ತದೆ. ಹಾಗಾಗಿ ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಜಾಗ ಬದಲಿಸಿ. ಉದಾಹರಣೆಗೆ 5ನೇ ಸುತ್ತಿನಲ್ಲಿ ಮೂರು ಸಾದಾ, ಒಂದು ಹೆಚ್ಚಳ (ಒಂದೇ ಹೊಲಿಗೆಯೊಳಗೆ ಎರಡು ಹಾಕುವುದು), ಹೀಗೆ ಆರು ಸಲ. 6ನೇ ಸುತ್ತು ಎರಡು ಸಾದಾದಿಂದ ಶುರು ಮಾಡಿ ಒಂದು ಹೆಚ್ಚಳ ಹಾಕಿ, ಆಮೇಲೆ ನಾಲ್ಕು ಸಾದಾ ಒಂದು ಹೆಚ್ಚಳ ಐದು ಸಲ, ಕೊನೆಗೆ ಉಳಿದ ಎರಡು ಸಾದಾ. ಲೆಕ್ಕ ಅದೇ 36, ಮೂಲೆ ಮಾತ್ರ ಮಾಯ.

ಇನ್ನೊಂದು ಬಣ್ಣದ್ದು. 14ನೇ ಸುತ್ತಿನವರೆಗೆ ಕೆಂಪು. 15 ಬಿಳಿ, 16 ತಿಳಿಹಸಿರು, 17 ಮತ್ತು 18 ಕಡುಹಸಿರು. ಆ ಒಂದೇ ಒಂದು ಬಿಳಿ ಸುತ್ತು ಬಿಡಬೇಡಿ, ಅದಿಲ್ಲದಿದ್ದರೆ ಅದು ಕಲ್ಲಂಗಡಿಯಾಗುವುದಿಲ್ಲ, ಹಸಿರು ಬಾರ್ಡರಿನ ಕೆಂಪು ಚೀಲ ಆಗುತ್ತದೆ. ಬಣ್ಣ ಬದಲಿಸುವಾಗ ಹಿಂದಿನ ಬಣ್ಣದ ಕೊನೆಯ ಹೊಲಿಗೆಯನ್ನು ಪೂರ್ತಿ ಮುಗಿಸಬೇಡಿ. ಕಡ್ಡಿಯ ಮೇಲೆ ಎರಡು ಕುಣಿಕೆ ಉಳಿದಾಗ ಹೊಸ ಬಣ್ಣ ಎಳೆದು ಮುಗಿಸಿ. ಆದರೂ ಸುರುಳಿಯಾಗಿ ಹೆಣೆಯುವುದರಿಂದ ಬಣ್ಣ ಸೇರುವ ಕಡೆ ಒಂದು ಮೆಟ್ಟಿಲು ಬಂದೇ ಬರುತ್ತದೆ. ಅದನ್ನು ಮುಚ್ಚಲು ಏನೇನೋ ಸರ್ಕಸ್ ಇದೆ. ನಾನು ಒಂದನ್ನೂ ಮಾಡುವುದಿಲ್ಲ. ವೃತ್ತವನ್ನು ಎಲ್ಲಿ ಮಡಚಬೇಕು ಅನ್ನುವುದು ನಮ್ಮ ಕೈಯಲ್ಲೇ ಇದೆ ಅಲ್ವಾ? ಆ ಮೆಟ್ಟಿಲು ಮೂಲೆಗೆ ಬರುವ ಹಾಗೆ ಮಡಚಿಬಿಡಿ. ಕೂಡಿಸುವ ಐದು ಹೊಲಿಗೆಯೊಳಗೆ ಅದು ಮುಳುಗಿಹೋಗುತ್ತದೆ.

ಕೆಂಪು ನೂಲಿನ ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಇಟ್ಟು ಹಿಂಡಿ ನೋಡುವುದನ್ನು ಹೆಣೆಯುವ ಮೊದಲೇ ಮಾಡಿ. ನಾನು ಮಾಡಿರಲಿಲ್ಲ. ನನ್ನ ಮೊದಲ ಕಲ್ಲಂಗಡಿ ಒಗೆದ ದಿನವೇ ಬಿಳಿ ಸುತ್ತು ಗುಲಾಬಿಯಾಯಿತು, ತಿಳಿಹಸಿರು ಕೆಸರಿನ ಬಣ್ಣಕ್ಕೆ ತಿರುಗಿತು. ನೂಲು ಬಣ್ಣ ಬಿಟ್ಟರೆ ಉಂಡೆಯನ್ನು ಲಡಿಯಾಗಿ ಬಿಚ್ಚಿ, ನೀರು ತಿಳಿಯಾಗುವವರೆಗೆ ಜಾಲಾಡಿ ಒಣಗಿಸಿ. ಆಗಲೂ ಬಿಡುತ್ತಿದ್ದರೆ ಬೇರೆ ನೂಲು ನೋಡಿ.

ಬೀಜಗಳು ಜಿಪ್‌ಗಿಂತ ಮೊದಲು. ವೃತ್ತ ಇನ್ನೂ ಬಿಚ್ಚಿಕೊಂಡಿರುವಾಗ ಸೂಜಿ ಎರಡೂ ಕಡೆಯಿಂದ ಸಲೀಸಾಗಿ ಓಡಾಡುತ್ತದೆ, ಮಡಚಿದ ಮೇಲೆ ಒಳಗೆ ಕೈ ಹಾಕಿ ತಡಕಾಡಬೇಕು. ಕಪ್ಪು ನೂಲಿನಲ್ಲಿ ಲೇಜಿ ಡೇಸಿ (ಕುಣಿಕೆ ಬಿಟ್ಟು ಅದರ ತುದಿಯನ್ನು ಪುಟ್ಟ ಹೊಲಿಗೆಯಿಂದ ಹಿಡಿಸುವ ಕಸೂತಿ) ಹಾಕಿದರೆ ತಾನಾಗಿಯೇ ಬೀಜದ ಆಕಾರ ಬರುತ್ತದೆ, ಚೂಪು ತುದಿ ವೃತ್ತದ ಮಧ್ಯಕ್ಕೆ ನೋಡುತ್ತಿರಲಿ. ಒಂದು ಮಗ್ಗುಲಿಗೆ ಏಳೆಂಟು ಸಾಕು. ಸಾಲಾಗಿ ನಿಲ್ಲಿಸಬೇಡಿ, ಹಣ್ಣಿನಲ್ಲಿ ಬೀಜ ಕವಾಯತು ಮಾಡುವುದಿಲ್ಲ. ಮಡಿಕೆ ಬರುವ ಗೆರೆಯ ಮೇಲೆ ಬೇಡ. ಒಂದು ಬೀಜದಿಂದ ಇನ್ನೊಂದಕ್ಕೆ ಹಿಂಬದಿಯಲ್ಲಿ ಕಪ್ಪು ನೂಲು ಉದ್ದಕ್ಕೆ ಎಳೆದುಕೊಂಡು ಹೋದರೆ ಅದು ಕೆಂಪಿನ ಸಂದಿಯಿಂದ ಕಾಣಿಸುತ್ತದೆ, ಹೊಲಿಗೆಗಳ ಕೆಳಗೆ ನುಸುಳಿಸಿಕೊಂಡು ಹೋಗಿ.

ಬೀಜ ಮುಗಿದ ಮೇಲೆ ವೃತ್ತವನ್ನು ಸ್ವಲ್ಪ ಒದ್ದೆ ಮಾಡಿ, ಕೈಯಲ್ಲಿ ತಟ್ಟಿ ಸಮ ಮಾಡಿ, ಟವೆಲ್ ಮೇಲೆ ಒಣಗಲು ಬಿಡಿ. ಒಣಗಿದ ಮೇಲೆ ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದಿಟ್ಟುಕೊಳ್ಳಿ. ಲೈನಿಂಗ್‌ಗೆ ಬೇಕಾಗುತ್ತದೆ.

ಈಗ ಜಿಪ್. ಅವಸರ ಬೇಡ, ಇದಕ್ಕೊಂದು ಸಂಜೆ ಬಿಡುವು ಮಾಡಿಕೊಳ್ಳಿ.

ಜಿಪ್ ಪೂರ್ತಿ ಮುಚ್ಚಿ ಮೇಜಿನ ಮೇಲೆ ಚಪ್ಪಟೆಯಾಗಿ ಇಡಿ. ಮೇಲಿನ ತಡೆಯಿಂದ ಶುರು ಮಾಡಿ ಪ್ರತಿ 5 ಸೆಂ.ಮೀ.ಗೆ ಒಂದು ಗೆರೆ ಹಾಕಿ, ಗೆರೆ ಎರಡೂ ಪಟ್ಟಿಯ ಮೇಲೆ ಅಡ್ಡ ಬರಬೇಕು. ಇದನ್ನು ಜಿಪ್ ಮುಚ್ಚಿರುವಾಗಲೇ ಮಾಡಬೇಕು. ನಾನು ಮೊದಮೊದಲು ಗೆರೆಗಿರೆ ಇಲ್ಲದೆ ಒಂದು ಪಕ್ಕ ಹೊಲಿದು, ಜಿಪ್ ತೆಗೆದು, ಇನ್ನೊಂದು ಪಕ್ಕ ಕಣ್ಣಳತೆಯಲ್ಲಿ ಹೊಲಿಯುತ್ತಿದ್ದೆ. ಮುಚ್ಚಿ ನೋಡಿದರೆ ಒಂದು ಪಕ್ಕ ಇನ್ನೊಂದಕ್ಕಿಂತ 2 ಸೆಂ.ಮೀ. ಮುಂದೆ. ಕಲ್ಲಂಗಡಿಗೆ ಸೊಟ್ಟ ಬಾಯಿ.

ವೃತ್ತದಲ್ಲೂ ಹಾಗೇ ಗುರುತು ಹಾಕಿ. ಮಡಚುವ ಗೆರೆಯ ಒಂದು ತುದಿಯಿಂದ 5 ಹೊಲಿಗೆ ಬಿಟ್ಟು ಒಂದು ಮಾರ್ಕರ್, ಅಂದರೆ ಹೊಲಿಗೆಗೆ ಸಿಕ್ಕಿಸುವ ಗುರುತಿನ ಕೊಂಡಿ. ಅಲ್ಲಿಂದ ಪ್ರತಿ 11 ಹೊಲಿಗೆಗೆ ಒಂದೊಂದು ಮಾರ್ಕರ್. ನಾಲ್ಕು ಸಲ 11 ಅಂದರೆ 44. ಆಮೇಲೆ 5 ಹೊಲಿಗೆ ಉಳಿಯುತ್ತವೆ. ಇನ್ನೊಂದು ಅರ್ಧಕ್ಕೂ ಇದೇ. ಈಗ ಜಿಪ್‌ನ ಒಂದೊಂದು ಗೆರೆಗೂ ವೃತ್ತದ ಒಂದೊಂದು ಮಾರ್ಕರ್ ಜೋಡಿ. ಜಿಪ್‌ನ 5 ಸೆಂ.ಮೀ.ಗೆ ಕ್ರೋಶಾದ 11 ಹೊಲಿಗೆ, ಒಂದೂ ಜಾಸ್ತಿಯಿಲ್ಲ, ಒಂದೂ ಕಡಿಮೆಯಿಲ್ಲ. ತಪ್ಪಾದರೂ ಆ ಐದು ಸೆಂ.ಮೀ. ಒಳಗೆ ಆಗುತ್ತದೆ, ಕೊನೆಯವರೆಗೆ ಗುಡ್ಡೆಯಾಗಿ ಬಂದು ನಿಲ್ಲುವುದಿಲ್ಲ. ನಿಮ್ಮ ಹೊಲಿಗೆಯ ಅಳತೆ ಬೇರೆಯಾದರೆ ನಿಮ್ಮ ಲೆಕ್ಕವನ್ನು ಇದೇ ರೀತಿ ನಾಲ್ಕು ಪಾಲು ಮಾಡಿಕೊಳ್ಳಿ.

ಗುಂಡುಪಿನ್ನಿಗಿಂತ ಕಚ್ಚಾ ಹೊಲಿಗೆ ಒಳ್ಳೆಯದು. ಕ್ರೋಶಾದಲ್ಲಿ ಪಿನ್ ನಿಲ್ಲುವುದಿಲ್ಲ, ಜಾರುತ್ತದೆ, ಬೆರಳಿಗೂ ಚುಚ್ಚುತ್ತದೆ. ಎದ್ದು ಕಾಣುವ ಬಣ್ಣದ ದಾರದಲ್ಲಿ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ ಎರಡೂ ಪಕ್ಕ ಹಿಡಿಸಿ, ಜಿಪ್ ಒಮ್ಮೆ ತೆಗೆದು ಮುಚ್ಚಿ ನೋಡಿ. ಸರಿಯಿಲ್ಲದಿದ್ದರೆ ಇಲ್ಲೇ ಬಿಚ್ಚಿ. ಹತ್ತು ನಿಮಿಷದ ಕೆಲಸ.

ಇನ್ನು ನಿಜವಾದ ಹೊಲಿಗೆ. ನೂಲು ಬೇಡ, ಸಾಮಾನ್ಯ ಹೊಲಿಗೆ ದಾರ, ಕಡುಹಸಿರು, ಪಾಲಿಯೆಸ್ಟರ್ ಆದರೆ ಗಟ್ಟಿ. ಚೂಪಾದ ತೆಳು ಸೂಜಿ. ಜಿಪ್ ತೆರೆದಿಟ್ಟುಕೊಂಡು ಹೊಲಿಯಿರಿ, ಮುಚ್ಚಿಕೊಂಡು ಹೊಲಿದರೆ ಎರಡೂ ಪಕ್ಕ ಸೇರಿಸಿ ಹೊಲಿದುಬಿಡುವ ಅಪಾಯ ಇದೆ. ಅಂಚನ್ನು ಕಣ್ಣ ಹತ್ತಿರ ಹಿಡಿದು ನೋಡಿ. ಕೊನೆಯ ಸುತ್ತಿನ ಮೇಲ್ತುದಿಯಲ್ಲಿ ಜಡೆಯ ಹಾಗೆ ಎರಡೆರಡು ಎಳೆ ಸಾಲಾಗಿ ಮಲಗಿರುತ್ತವೆ. ಹೆಚ್ಚಿನವರು ಸೂಜಿಯನ್ನು ಆ ಜಡೆಯ ನಡುವಿನಿಂದಲೇ ತೆಗೆಯುತ್ತಾರೆ. ಆಗ ಎಳೆ ಬಿಡಿಸಿಕೊಂಡು ಸಡಿಲ ಕುಣಿಕೆ ಮೇಲೇಳುತ್ತದೆ, ರನ್ನರ್ ಬಂದು ಅದನ್ನೇ ಕಚ್ಚುತ್ತದೆ. ಸೂಜಿ ಹೋಗಬೇಕಾದ್ದು ಜಡೆಯ ಕೆಳಗೆ, ಹೊಲಿಗೆಯ ಮೈ ಶುರುವಾಗುವ ಕಡೆ. ಹಾಗೆ ಹೊಲಿದರೆ ಜಡೆ ಪೂರ್ತಿಯಾಗಿ ಜಿಪ್ ಪಟ್ಟಿಯ ಮೇಲೆ ತುಟಿಯ ಹಾಗೆ ಬಂದು ಕೂರುತ್ತದೆ. ಹೊಲಿಗೆ ಕಾಣುವುದಿಲ್ಲ, ಪಟ್ಟಿಯೂ ಅಷ್ಟಾಗಿ ಕಾಣುವುದಿಲ್ಲ.

ಬ್ಯಾಕ್ ಸ್ಟಿಚ್ (ಒಂದು ಹೆಜ್ಜೆ ಹಿಂದೆ ಚುಚ್ಚಿ ಮುಂದೆ ತೆಗೆಯುವ ಹೊಲಿಗೆ) ಹಾಕಿ, ಒಂದು ಕ್ರೋಶಾ ಹೊಲಿಗೆಗೆ ಒಂದು. ಜಡೆಯ ಅಂಚು ಹಲ್ಲಿನಿಂದ 4 ಮಿ.ಮೀ. ದೂರ ಇರಲಿ. ಇಲ್ಲಿ ಜಿಪುಣತನ ಮಾಡಬೇಡಿ. ಹಲ್ಲಿನ ಬುಡಕ್ಕೇ ತಂದು ಹೊಲಿದರೆ ಮುಚ್ಚಿದಾಗ ಜಿಪ್ ಕಾಣದೆ ಬಹಳ ಚೆನ್ನಾಗಿರುತ್ತದೆ, ನಿಜ. ಆದರೆ ರನ್ನರಿಗೆ ಹಲ್ಲಿಗಿಂತ ಅಗಲವಾದ ದಾರಿ ಬೇಕು. ನಿಮ್ಮದರಲ್ಲಿ ಎರಡು ಕಡೆ ಕಚ್ಚುತ್ತದೆ ಅಂದಿರಲ್ಲ, ಆ ಎರಡು ಜಾಗ ಅಳೆದು ನೋಡಿ. ಅಲ್ಲಿ ನಿರಿಗೆ ಉಬ್ಬಿ ಹಲ್ಲಿನ ಮೇಲೆ ಬಂದಿರುತ್ತದೆ.

ಬಾಗಿದ ಅಂಚಿನಲ್ಲಿ ಇನ್ನೊಂದು ತಮಾಷೆ ಇದೆ. ಹಲ್ಲಿರುವ ಕಡೆ ಸರಿಯಾಗಿ ಕೂತರೂ ಪಟ್ಟಿಯ ಒಳತುದಿ ಜಾಸ್ತಿಯಾಗಿ ಗುಳ್ಳೆ ಏಳುತ್ತದೆ. ವೃತ್ತದ ಒಳಗೆ ಹೋದಷ್ಟೂ ಸುತ್ತಳತೆ ಕಡಿಮೆ, ಪಟ್ಟಿ ಮಾತ್ರ ಎಲ್ಲ ಕಡೆ ಒಂದೇ ಉದ್ದ, ಹಾಗಾಗಿ. ಇದು ನಿಮ್ಮ ತಪ್ಪಲ್ಲ. ಒಂದೆರಡು ಸೆಂ.ಮೀ.ಗೆ ಒಂದರಂತೆ ಪುಟ್ಟ ನಿರಿಗೆ ಹಿಡಿದು ಒಳತುದಿಯನ್ನು ಕ್ರೋಶಾದ ಹಿಂಬದಿಗೆ ಹೆಮ್ಮಿಂಗ್ ಮಾಡಿ. ಸೂಜಿ ಕ್ರೋಶಾದ ಅರ್ಧ ದಪ್ಪದಲ್ಲೇ ಹಿಂತಿರುಗಲಿ, ಮುಂಭಾಗಕ್ಕೆ ಬರದಿರಲಿ. ಲೈನಿಂಗ್ ಹಾಕಿದ ಮೇಲೆ ಈ ನಿರಿಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಲವರು ಪಟ್ಟಿಗೆ ಕತ್ತರಿ ಹಾಕಿ ಸೀಳುತ್ತಾರೆ. ನನಗೆ ಅದು ಸರಿಬರುವುದಿಲ್ಲ, ಸೀಳಿದ ಕಡೆ ನಾರು ಬಿಟ್ಟುಕೊಳ್ಳುತ್ತದೆ.

ಎರಡೂ ಪಕ್ಕ ಮುಗಿದ ಮೇಲೆ ಬಟ್ಟೆಯ ಬಾಲಗಳನ್ನು ಒಳಗೆ ಮಡಚಿ ಎರಡು ಹೊಲಿಗೆ ಹಾಕಿ. ಆಮೇಲೆ ಮೂಲೆಯ ಐದೈದು ಹೊಲಿಗೆಗಳನ್ನು ಹಸಿರು ನೂಲಿನಲ್ಲಿ ಎದುರುಬದುರು ಕೂಡಿಸಿ. ರನ್ನರ್ ನಿಲ್ಲುವ ಮೂಲೆಗೆ ಸ್ವಲ್ಪ ಜಾಸ್ತಿ ಬಲ ಕೊಡಿ, ಎಳೆತ ಬೀಳುವುದು ಅಲ್ಲೇ.

ಜಿಪ್ ಪಟ್ಟಿಗೆ ಮೊದಲು ಬ್ಲಾಂಕೆಟ್ ಸ್ಟಿಚ್ ಹಾಕಿ, ಆ ಕುಣಿಕೆಗಳಲ್ಲೇ ಕಡ್ಡಿ ಹಾಕಿ ಕ್ರೋಶಾ ಮುಂದುವರಿಸುವ ವಿಧಾನವೂ ಇದೆ. ನೇರ ಅಂಚಿಗೆ ಬಹಳ ಚೆಂದ. ಬಾಗಿದ್ದಕ್ಕೆ, ಅದೂ ಕಲಿಯುವಾಗ, ನಾನು ಹೇಳುವುದಿಲ್ಲ. ತಪ್ಪಾದರೆ ಜಿಪ್ ಬಿಚ್ಚಲು ಹೆಣಿಗೆಯನ್ನೂ ಬಿಚ್ಚಬೇಕು.

ಲೈನಿಂಗ್ ಬೇಕಾ? ಲಿಪ್‌ಸ್ಟಿಕ್, ಇಯರ್‌ಫೋನ್ ಇಡಲಾದರೆ ಇಲ್ಲದಿದ್ದರೂ ನಡೆಯುತ್ತದೆ. ನಾಣ್ಯ, ಕೀ, ಹೇರ್‌ಪಿನ್ ಇಡುವುದಾದರೆ ಬೇಕೇ ಬೇಕು. ಎಷ್ಟು ಬಿಗಿಯಾಗಿ ಹೆಣೆದರೂ ಹೇರ್‌ಪಿನ್ ದಾರಿ ಮಾಡಿಕೊಂಡು ಹೊರಬರುತ್ತದೆ. ತೆಳು ಕಾಟನ್ ಬಟ್ಟೆ ಸಾಕು. ಆಗಲೇ ಎಳೆದಿಟ್ಟ ಪೆನ್ಸಿಲ್ ಗೆರೆಗಿಂತ ಅರ್ಧ ಸೆಂ.ಮೀ. ಹೊರಗೆ ಬಟ್ಟೆ ಕತ್ತರಿಸಿ. ರಟ್ಟಿನ ಒಂದು ವೃತ್ತ ಬೇಕು, ಪೆನ್ಸಿಲ್ ಗೆರೆಗಿಂತ ಅರ್ಧ ಸೆಂ.ಮೀ. ಒಳಗೆ. 15.5ರ ಹಣ್ಣಿಗೆ ಬಟ್ಟೆ 16.5, ರಟ್ಟು 14.5. ಬಟ್ಟೆಯ ಅಂಚಿನ ಸುತ್ತ ಸಾದಾ ಹೊಲಿಗೆ ಓಡಿಸಿ, ನಡುವೆ ರಟ್ಟು ಇಟ್ಟು ದಾರ ಎಳೆಯಿರಿ. ಬಟ್ಟೆ ರಟ್ಟನ್ನು ಅಪ್ಪಿಕೊಳ್ಳುತ್ತದೆ. ಹಾಗೇ ಇಸ್ತ್ರಿ ಮಾಡಿ, ಆರಿದ ಮೇಲೆ ರಟ್ಟು ತೆಗೆದರೆ ಅಂಚು ಗುಂಡಗೆ ಮಡಚಿ ಕೂತಿರುತ್ತದೆ. ಇದನ್ನು ಅರ್ಧಕ್ಕೆ ಮಡಚಿ, ಮೂಲೆಗಳನ್ನು 2 ಸೆಂ.ಮೀ. ಹೊಲಿದು, ಪೌಚಿನೊಳಗೆ ಇಳಿಸಿ, ಅಂಚನ್ನು ಜಿಪ್ ಪಟ್ಟಿಗೆ ಹೆಮ್ಮಿಂಗ್ ಮಾಡಿ. ಇಲ್ಲೂ ಹಲ್ಲಿನಿಂದ ದೂರ. ರನ್ನರ್ ಕಚ್ಚುವುದು ಎಷ್ಟೋ ಸಲ ಒಳಗಿನ ಬಟ್ಟೆಯನ್ನೇ, ನಾವು ಹೊರಗಿನ ನೂಲನ್ನು ಬೈಯುತ್ತಿರುತ್ತೇವೆ.

ಬೇರೆ ಹಣ್ಣು ಅಂದಿರಿ. ಕಲ್ಲಂಗಡಿ ನಿಮಗೆ ಒಳ್ಳೆಯ ಆಯ್ಕೆಯೇ, ಒಂದೇ ವೃತ್ತದಲ್ಲಿ ಮುಗಿಯುತ್ತದೆ. ಜಿಪ್‌ಗೆ ಹೆದರಿದ್ದರೆ ಮಾತ್ರ ಮೊದಲು ಸ್ಟ್ರಾಬೆರಿ ಮಾಡಿ, ಅದಕ್ಕೆ ಜಿಪ್ ನೇರ. ಚೂಪು ತುದಿಯಿಂದ 6 ಹೊಲಿಗೆಯಲ್ಲಿ ಶುರು ಮಾಡಿ ಸುತ್ತಿಗೆ 3 ಮಾತ್ರ ಹೆಚ್ಚಿಸಿ. ಇಲ್ಲಿ ಬಟ್ಟಲಾಗುವುದೇ ಬೇಕು. 15ನೇ ಸುತ್ತಿಗೆ 48 ಆಗುತ್ತದೆ, ಮೇಲೆ ಐದು ಸುತ್ತು ಹೆಚ್ಚಿಸದೆ ಹೆಣೆಯಿರಿ. ಚಪ್ಪಟೆ ಮಾಡಿದರೆ ಬಾಯಿ ಸುಮಾರು 10.8 ಸೆಂ.ಮೀ., ಅದಕ್ಕೆ 10 ಸೆಂ.ಮೀ. ಜಿಪ್ ಸರಿಯಾಗುತ್ತದೆ. ಎಲೆಗಳನ್ನು ಬಾಯಿಯಿಂದ 1 ಸೆಂ.ಮೀ. ಕೆಳಗೆ ಹೊಲಿಯಿರಿ, ಇಲ್ಲವಾದರೆ ಎಲೆಯ ತುದಿಯೂ ರನ್ನರಿಗೆ ಊಟ.

ಕಿತ್ತಳೆಗೆ ಎರಡು ವೃತ್ತ ಬೇಕು, 13 ಸುತ್ತಿನವು, 78 ಹೊಲಿಗೆ. 15 ಸೆಂ.ಮೀ. ಜಿಪ್‌ಗೆ 33 ಹೊಲಿಗೆ ಬಿಟ್ಟು ಉಳಿದ 45ನ್ನು ಎರಡೂ ವೃತ್ತ ಸೇರಿಸಿ ಸಿಂಗಲ್‌ನಲ್ಲಿ ಕೂಡಿಸಿಬಿಡಿ. ಮೇಲೆ ಬಿಳಿ ನೂಲಿನಲ್ಲಿ ತೊಳೆಗಳ ಗೆರೆ. ಕಲ್ಲಂಗಡಿ ಆದ ಮೇಲೆ ಇದು ನೀರು ಕುಡಿದ ಹಾಗೆ. ಬಾಳೆಹಣ್ಣಿಗೆ ಮಾತ್ರ ಸದ್ಯಕ್ಕೆ ಕೈ ಹಾಕಬೇಡಿ. ಅದರ ಜಿಪ್ ಒಳಬಾಗಿನಲ್ಲಿ ಬರುತ್ತದೆ, ನನಗೇ ಮೂರು ಸಲ ಬಿಚ್ಚುವ ಹಾಗಾಯಿತು.

ಕೊನೆಗೆ ನಿಮ್ಮ ಆ ಎರಡನೇ ಪೌಚ್. ಅದನ್ನು ಎಸೆಯಬೇಡಿ, ಹೊಸದು ಹೆಣೆಯಲೂ ಬೇಡಿ. ಹೊಲಿಗೆ ದಾರ ಮಾತ್ರ ಕತ್ತರಿಸುತ್ತಾ ಜಿಪ್ ಬಿಡಿಸಿ. ನೂಲಿನಲ್ಲೇ ಹೊಲಿದಿದ್ದರೆ ಹುಷಾರು, ಹಗಲು ಬೆಳಕಿನಲ್ಲಿ ಕೂತು ಒಂದೊಂದೇ ಎಳೆ ನೋಡಿ ಕತ್ತರಿಸಿ. ಅಂಚು ಈಗ ಹಿಗ್ಗಿ ಸೊರಗಿ ಕಾಣುತ್ತದೆ, ಗಾಬರಿಯಾಗಬೇಡಿ. ಕಾಟನ್ ಆದರೆ ಒದ್ದೆ ಮಾಡಿ, ಅಂಚನ್ನು ಬೆರಳಿನಿಂದ ಒಳಕ್ಕೆ ತಳ್ಳಿ ಗುಂಡಗೆ ಮಾಡಿ, ರಾತ್ರಿಯಿಡೀ ಒಣಗಲು ಬಿಟ್ಟರೆ ಬಹುಪಾಲು ಮೊದಲಿನ ಅಳತೆಗೆ ಬರುತ್ತದೆ. ಬೆಳಿಗ್ಗೆ ಅರ್ಧ ಅಂಚು ಅಳೆಯಿರಿ. 24 ಇದ್ದರೆ ಆ ಜಿಪ್ ಸರಿಯಾಗಿಯೇ ಇದೆ, ಎರಡೂ ತುದಿಯಲ್ಲಿ ಎರಡೆರಡು ಸೆಂ.ಮೀ. ಬಿಟ್ಟು ಮಾರ್ಕರ್ ಹಾಕಲು ಶುರು ಮಾಡಿ.